ಹಗ್ಗದ ಈ ತುದಿಯಲ್ಲಿ ಹೂಂಗುಟ್ಟುವ ಕೆಲಸ

ವಕೀಲೆಯ ಫೋನ್ ಬಂದಾಗ ನಾನು ಬಸ್ ಸ್ಟಾಪಿನಿಂದ ಮನೆಗೆ ವಾಪಸ್ ನಡೆಯುತ್ತಿದ್ದೆ, ಗ್ಯಾಸ್ ಆಫ್ ಮಾಡಿದ್ದೀನೋ ಇಲ್ಲವೋ ನೋಡಲು. ಜೆ.ಪಿ. ನಗರದ ನಮ್ಮ ಬೀದಿಯವರಿಗೆ ಈ ನನ್ನ ಹಿಮ್ಮುಖ ಸಂಚಾರ ಅಭ್ಯಾಸವಾಗಿದೆ. ಇಷ್ಟು ವರ್ಷದಲ್ಲಿ ಗ್ಯಾಸ್ ಒಂದು ಸಲವೂ ಆನ್ ಇದ್ದದ್ದಿಲ್ಲ. ಆದರೆ ಆ ಒಂದು ಸಲ ಇವತ್ತೇ ಆಗಿದ್ದರೆ?

“ಮೇಡಂ, ಡೇಟ್ ಸಿಕ್ತು. ಮುಂದಿನ ತಿಂಗಳು ನಮ್ಮ ಸಾಕ್ಷೀದು. ಅಷ್ಟರೊಳಗೆ ಅವನನ್ನ ರೆಡಿ ಮಾಡಿ ಕೊಟ್ಬಿಡಿ.”

ರೆಡಿ ಮಾಡಿ ಕೊಡೋಕೆ ಇದೇನು ಬ್ಲೌಸಾ ಅಂತ ಬಾಯಿಗೆ ಬಂತು. “ನೋಡ್ತೀನಿ” ಅಂದೆ. ಬಾಗಿಲ ಬೀಗ ತೆಗೆದೆ. ಗ್ಯಾಸ್ ಆಫ್ ಆಗಿತ್ತು. ಚಿಂತೆ ಮಾತ್ರ ಆನ್ ಆಯಿತು.

ಪ್ರಕರಣ ಇಷ್ಟು. ತಲಘಟ್ಟಪುರದ ಕಡೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಕೊಳಚೆ ನೀರಿನ ಟ್ಯಾಂಕು ಕಟ್ಟಿಕೊಂಡಿತ್ತು. ಅದರೊಳಗೆ ಮನುಷ್ಯರನ್ನು ಇಳಿಸುವುದು ಅಪರಾಧ ಅಂತ ಕಾನೂನಿದೆ. ಆದರೂ ಗುತ್ತಿಗೆದಾರನೊಬ್ಬ ಬಾವ, ಬಾಮೈದ ಇಬ್ಬರನ್ನು ಕರೆಸಿದ್ದ. ಬಾವ ಇಳಿದ, ಬಾಮೈದ ಮೇಲೆ ಹಗ್ಗ ಹಿಡಿದು ನಿಂತ. ಕೊನೆಗೆ ಅಗ್ನಿಶಾಮಕದವರು ಬಂದು ತೆಗೆದಾಗ ಇಬ್ಬರೂ ಒಳಗಿದ್ದರು. ಬಾಮೈದನಿಗೆ ಮಾತ್ರ ಉಸಿರಿತ್ತು. ಗುತ್ತಿಗೆದಾರನ ಪ್ರಕಾರ ಅವರನ್ನು ಯಾರೂ ಇಳಿಯಲು ಹೇಳಿರಲಿಲ್ಲ. ಕುಡಿದಿದ್ದರು, ಮೊಬೈಲ್ ಬಿತ್ತು, ತಾವಾಗಿ ಇಳಿದರು. ಅಲ್ಲಿ ನಿಜಕ್ಕೂ ಏನಾಯಿತೆಂದು ಹೇಳಬಲ್ಲವನು ಭೂಮಿಯ ಮೇಲೆ ಒಬ್ಬನೇ ಉಳಿದಿದ್ದ. ಅವನಿಗೆ ಅದನ್ನು ಹೇಳಲು ಬಾಯಿ ಬರುತ್ತಿರಲಿಲ್ಲ.

ಸತ್ತವನ ಹೆಂಡತಿ ಇವನ ಸ್ವಂತ ಅಕ್ಕ. ಮಣ್ಣು ಮಾಡಿದ ದಿನ ಯಾರೋ ಆಕೆಯ ಕಿವಿಯಲ್ಲಿ “ನಿನ್ನ ತಮ್ಮ ಹಗ್ಗ ಬಿಟ್ಟು ಓಡೋಕೆ ನೋಡಿದ, ಕಾಲು ಜಾರಿ ಒಳಗೆ ಬಿದ್ದ” ಅಂದಿದ್ದರು. ಅವತ್ತಿನಿಂದ ಆಕೆ ತಮ್ಮನ ಜೊತೆ ಮಾತು ಬಿಟ್ಟಿದ್ದಳು. ಬನಶಂಕರಿಯ ಆಚೆ ಒಂದೇ ವಠಾರದಲ್ಲಿ, ಎದುರುಬದುರು ಬಾಗಿಲಲ್ಲಿ ಇಬ್ಬರ ವಾಸ.

ನಾನು ಮನಶ್ಶಾಸ್ತ್ರಜ್ಞೆ. ಸುಬ್ರಹ್ಮಣ್ಯಪುರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳಲ್ಲಿ, ಫೀಸು ಕೊಡಲಾಗದವರಿಗೆಂದು ಒಂದು ಸಣ್ಣ ಸಂಸ್ಥೆ ನಡೆಸುವ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ. ಗಿರಣಿ ಓಡುವಾಗ ಕುರ್ಚಿಯ ಕಾಲು ಸಣ್ಣಗೆ ಅದುರುತ್ತದೆ. ಮಾತು ಹೊರಗೆ ಹೋಗದಂತೆ ಕಾಯಲು ರಾಗಿ ಬೀಸುವ ಸದ್ದಿಗಿಂತ ಒಳ್ಳೆಯ ಗೋಡೆ ಇಲ್ಲ. ಇಲ್ಲಿ ಬರೆಯುತ್ತಿರುವುದನ್ನೆಲ್ಲ ಆ ಬಾಮೈದನಿಗೆ ಓದಿ ಹೇಳಿ, ಗುರುತು ಬದಲಿಸಿ, ಒಪ್ಪಿಗೆ ಪಡೆದಿದ್ದೇನೆ. “ನನ್ನ ಸ್ವಲ್ಪ ಉದ್ದ ಮಾಡಿ ಮೇಡಂ” ಅಂತ ಮಾತ್ರ ಕೇಳಿಕೊಂಡ. ಆದ್ದರಿಂದ ಆತ ಎತ್ತರದ ಆಳು.

ವಕೀಲೆ ಕಳಿಸಿಕೊಟ್ಟ ಮೊದಲ ದಿನ ಆತ ಹೊಸ್ತಿಲಲ್ಲೇ ನಿಂತ. ಇಂಥ ಆಘಾತ ದಾಟಿ ಬಂದವರ ಜೊತೆ ಕೆಲಸ ಮಾಡುವವರು ಎಲ್ಲವನ್ನೂ ಕೇಳಿಕೊಂಡು ಮಾಡಬೇಕು. ಬಾಗಿಲು ಹಾಕಲಾ, ತೆರೆದಿರಲಾ? ಎಲ್ಲಿ ಕೂರುತ್ತೀರಿ?

“ನೀವು ಎಲ್ಲಿ ಅಂದ್ರೆ ಅಲ್ಲಿ.”

“ಇಲ್ಲ, ನೀವೇ ಹೇಳಿ.”

“ಹಂಗಾದ್ರೆ ನಿಂತ್ಕೋತೀನಿ.”

ನಾನೂ ನಿಂತೆ. ನನ್ನ ಮಂಡಿ ಇನ್ನೂ ಆ ಸೆಷನ್ ನೆನೆಸಿಕೊಳ್ಳುತ್ತದೆ.

ಆತನ ಮನೆಮಾತು ತೆಲುಗು, ಕೆಲಸದ ಮಾತು ಕನ್ನಡ. ನನ್ನ ಮನೆಯಲ್ಲೂ ತೆಲುಗೇ. ಎರಡು ಭಾಷೆಯ ಥೆರಪಿ ಅಂತ ಸಂಸ್ಥೆಯ ಬೋರ್ಡಿನಲ್ಲಿ ಬರೆಸಿದ್ದು ನನ್ನನ್ನು ನಂಬಿಕೊಂಡೇ. ನೋವು ಮಾತೃಭಾಷೆಯಲ್ಲಿ ಹೊರಬರಬೇಕು ಎಂದು ಹೆಮ್ಮೆಯಿಂದ, ಅಜ್ಜಿ ಕಲಿಸಿದ ತೆಲುಗಿನಲ್ಲಿ ಎರಡು ವಾಕ್ಯ ಅಂದೆ. ಆತನ ಮುಖದಲ್ಲಿ ಮೊದಲ ಸಲ ನಗು ಬಂತು.

“ಬ್ಯಾಡ ಮೇಡಂ. ನಿಮ್ಮ ತೆಲುಗು ಕೇಳಿದ್ರೆ ಸಾಹುಕಾರ್ರ ಮನೆ ಅಮ್ಮೋರು ಹಿತ್ತಲ ಬಾಗ್ಲಲ್ಲಿ ನಿಲ್ಸಿ ಮಾತಾಡ್ದಂಗೈತೆ. ಕನ್ನಡದಲ್ಲೇ ಇರ್ಲಿ. ಕನ್ನಡದಲ್ಲಿ ನೀವೂ ಬಸ್ಸಲ್ಲಿ ಬರೋರು, ನಾನೂ ಬಸ್ಸಲ್ಲಿ ಬರೋನು.”

ಬೋರ್ಡಿನ ಮೇಲಿನ ಆ ಸಾಲು ಅವತ್ತೇ ಮುಕ್ಕಾಲು ಅಳಿಸಿಹೋಯಿತು. ಕನ್ನಡದಲ್ಲೇ ಶುರು ಮಾಡಿದೆವು. ಅದು ಒಳ್ಳೆಯದೇ ಆಯಿತು. ದುಡಿಮೆಗೆಂದು ಕಲಿತ ಭಾಷೆ ಒಲೆಯ ಪಾತ್ರೆಗೆ ಹಿಡಿಯುವ ಮಸಿಬಟ್ಟೆಯ ಹಾಗೆ: ಬಿಸಿ ಗೊತ್ತಾಗುತ್ತೆ, ಕೈ ಸುಡುವುದಿಲ್ಲ. ಬೆಳಗ್ಗೆ ಎದ್ದದ್ದು, ಹೋಟೆಲಿನಲ್ಲಿ ಟೀ ಕುಡಿದದ್ದು, ಗೇಟಿನಲ್ಲಿ ಸೆಕ್ಯೂರಿಟಿ ಹೆಸರು ಬರೆಸಿಕೊಂಡದ್ದು ಎಲ್ಲವನ್ನೂ ಆತ ಕನ್ನಡದಲ್ಲಿ ಸಲೀಸಾಗಿ ಹೇಳುತ್ತಿದ್ದ. ಟ್ಯಾಂಕಿನ ಮುಚ್ಚಳ ಸರಿಸುವ ಹೊತ್ತಿಗೆ ಮಾತು ತೆಲುಗಿಗೆ ಜಾರುತ್ತಿತ್ತು. ಆಮೇಲೆ ನಿಂತೇಬಿಡುತ್ತಿತ್ತು.

ಮಾತು ನಿಂತಾಗ ನಾನೇನು ಮಾಡಬೇಕೆಂದು ನನಗೆ ಗೊತ್ತಿತ್ತು: ಏನೂ ಮಾಡಬಾರದು. ತುಂಬಿಸಬೇಡ, ಅವಸರಿಸಬೇಡ, ಜಾಗ ಕೊಡು ಅಂತ ನಮಗೆ ಕಲಿಸಿದ್ದಾರೆ. ಮೌನ ಹಿಡಿದು ಕೂರುವುದು ನನ್ನ ವೃತ್ತಿಯ ಹೆಗ್ಗಳಿಕೆ. ಮನೆಯಲ್ಲಿ ಒಂದು ನಿಮಿಷ ಬಾಯಿಮುಚ್ಚದವಳು ಕ್ಲಿನಿಕ್ಕಿನಲ್ಲಿ ಕೆರೆಯ ನೀರಿನಂತೆ ಕೂರುವುದನ್ನು ನನ್ನ ಗಂಡ ಇವತ್ತಿಗೂ ನಂಬುವುದಿಲ್ಲ.

ಆತ ನಿಲ್ಲಿಸಿದ. ನಾನು ಮೌನ ಹಿಡಿದೆ. ಆತನ ಎದೆ ಏರಿದ್ದು ಇಳಿಯಲಿಲ್ಲ. ಕಣ್ಣು ನನ್ನ ಮುಖದಲ್ಲಿ ಏನನ್ನೋ ಹುಡುಕಿತು. ನಾನು ಇನ್ನಷ್ಟು ಶಾಂತವಾಗಿ, ಇನ್ನಷ್ಟು ಮೌನವಾಗಿ ಕೂತೆ. ಆತ ಎದ್ದು ಮೆಟ್ಟಿಲಿಳಿದು ಹೋಗಿಬಿಟ್ಟ.

ಮುಂದಿನ ಸಲ ಅದಕ್ಕಿಂತ ಕೆಟ್ಟದಾಯಿತು. ಕಿಟಕಿಯ ಸರಳು ಹಿಡಿದ ಕೈ ಬೆರಳೆಲ್ಲ ಬೆಳ್ಳಗಾಯಿತು. ಉಸಿರು ಬಿಡಿ, ಪಾದ ನೆಲಕ್ಕೆ ಒತ್ತಿ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಆತ ನನ್ನನ್ನು ದಾಟಿ ಓಡಿದ್ದ. ಕೆಳಗೆ ಹೋಗಿ ನೋಡಿದರೆ ಗಿರಣಿಯ ಮುಂದಿನ ಕಲ್ಲಿನ ಮೇಲೆ ಕೂತು ಕೆಮ್ಮುತ್ತಿದ್ದ, ತಲೆಯ ತುಂಬ ಹಿಟ್ಟು. ಗಿರಣಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿ “ಮೇಲೆ ಏನ್ ಟ್ರೀಟ್‌ಮೆಂಟ್ ಕೊಡ್ತೀರಾ ಮೇಡಂ ನೀವು?” ಅಂದರು.

ಅದರ ಮುಂದಿನ ವಾರ ಆತ ಬರಲೇ ಇಲ್ಲ. ಫೋನ್ ಸ್ವಿಚ್ ಆಫ್.

ನನ್ನ ಮುಂದೆ ಎರಡು ದಾರಿ ಇದ್ದವು, ಎರಡೂ ಕೆಟ್ಟವು. ಈತ ಸಾಕ್ಷಿ ಹೇಳುವ ಸ್ಥಿತಿಯಲ್ಲಿಲ್ಲ ಎಂದು ನಾನು ಬರೆದುಕೊಟ್ಟರೆ ಆತ ಉಳಿಯುತ್ತಾನೆ, ಕೇಸು ಬೀಳುತ್ತೆ, ಅಕ್ಕನಿಗೆ ಹಗ್ಗದ ಸುದ್ದಿ ಕೊನೆಯವರೆಗೂ ಸತ್ಯವಾಗಿ ಉಳಿಯುತ್ತೆ. ಕಳಿಸಿದರೆ ಕಟಕಟೆಯಲ್ಲಿ ಜನರೆಲ್ಲರ ಎದುರು ಆತ ಅದೇ ಟ್ಯಾಂಕಿಗೆ ಇನ್ನೊಂದು ಸಲ ಇಳಿಯುತ್ತಾನೆ, ಈ ಸಲ ನಾನೇ ಇಳಿಸಿದವಳು. ಎರಡನ್ನೂ ತೂಗುತ್ತಾ ಮೂರನೆಯದೊಂದನ್ನೂ ಚಿಂತಿಸಿದೆ: ನನಗೆ ಈ ಕೆಲಸ ಬರುತ್ತದೆಯೇ?

ವಕೀಲೆ ಮತ್ತೆ ಫೋನ್ ಮಾಡಿದರು. ಒಳ್ಳೆಯ ಹೆಂಗಸು, ಸರ್ಕಾರಿ ವಕೀಲರಿಗೆ ಸಹಾಯವಾಗಲೆಂದು ಅಕ್ಕನ ಪರವಾಗಿ ಬಿಟ್ಟಿ ದುಡಿಯುತ್ತಿದ್ದವರು. “ಪೂರ್ತಿ ಕತೆ ಬೇಡ ಮೇಡಂ. ‘ಸೂಪರ್‌ವೈಸರ್ ಇಳೀರಿ ಅಂದ’ ಅನ್ನೋ ಒಂದೇ ಮಾತು ಸಾಕು, ಆ ಗುತ್ತಿಗೆದಾರನ ಆಳು ತಾನೆ ಅವ್ನು. ಬಾಯಿಪಾಠ ಮಾಡ್ಸಿ.”

“ಬಾಯಿಪಾಠ ಮಾಡ್ಸಿದ್ರೆ ಅದು ನನ್ನ ಮಾತಾಗುತ್ತೆ ರೀ, ಅವನದಲ್ಲ. ಆ ಕಡೆ ವಕೀಲರು ಒಂದೇ ಪ್ರಶ್ನೇಲಿ ಕಿತ್ತಾಕ್ತಾರೆ.”

“ಮತ್ತಿನ್ನೇನು ಮಾಡ್ತೀರಿ ನೀವಲ್ಲಿ?”

ಇದು ಗಿರಣಿಯವರ ಪ್ರಶ್ನೆಯೇ.

ಆತ ಮತ್ತೆ ಬಂದದ್ದು ಹೇಳದೆ ಕೇಳದೆ, ಬೇರೊಬ್ಬರ ಸಮಯದ ಕೊನೆಯಲ್ಲಿ. ಕೂರಲಿಲ್ಲ.

“ಬೈಯೋಕೆ ಬಂದೆ ಮೇಡಂ.”

“ಬೈಯಿರಿ.”

“ಯಾಕೆ ಸುಮ್ನಾಗ್ತೀರಾ ನೀವು? ನಾನು ಹೇಳ್ತಾ ಇರ್ತೀನಿ, ಕರೆಕ್ಟಾಗಿ ಆ ಜಾಗಕ್ಕೆ ಬಂದಾಗ ನೀವು ಕಲ್ಲಂಗೆ ಕೂತ್ಬಿಡ್ತೀರಾ. ಕಣ್ಣು ಮಾತ್ರ ಬಿಟ್ಕೊಂಡು. ನನ್ಗೆ… ನೀವೂ ಹೋದ್ರಿ ಅನ್ಸತ್ತೆ.”

ಆಮೇಲೆ ನಿಂತಲ್ಲೇ, ಕೋಪದ ಬಿಸಿಯಲ್ಲೇ ಹೇಳಿದ. ಅವರ ಕೆಲಸದಲ್ಲಿ ಇಳಿದವನು ಸುಮ್ಮನಿರಬಾರದು. ಮೇಲಿನವನು ಕೂಗುತ್ತಿರಬೇಕು: “ಉನ್ನಾವಾ?” ಇದ್ದೀಯಾ ಅಂತ. ಕೆಳಗಿನವನು “ಉನ್ನಾ” ಅನ್ನಬೇಕು, ಇದ್ದೀನಿ ಅಂತ. ಬಕೆಟ್ಟು ತುಂಬುತ್ತಾ, ಬೈದುಕೊಳ್ಳುತ್ತಾ, ತಮಾಷೆ ಮಾಡುತ್ತಾ ಹೇಗಾದರೂ ಸರಿ, ಉತ್ತರ ಬರುತ್ತಲೇ ಇರಬೇಕು. ಉತ್ತರ ಬರಲಿಲ್ಲ ಅಂದರೆ ಗಾಳಿ ಕೆಟ್ಟಿತು ಅಂತ ಅರ್ಥ. ಆತನ ಅಪ್ಪನ ಕಾಲದಿಂದಲೂ ಹೀಗೆ. ಅಕ್ಕ, ತಮ್ಮ ಇಬ್ಬರೂ ಚಿಕ್ಕಂದಿನಲ್ಲಿ ಕಣ್ಣಾಮುಚ್ಚಾಲೆ ಆಡುವಾಗಲೂ ಇದನ್ನೇ ಕೂಗುತ್ತಿದ್ದರಂತೆ.

ಇಷ್ಟು ದಿನ ನಾನು ಗೌರವ ಎಂದು ಕೊಟ್ಟದ್ದು ಆತನಿಗೆ ಸಾವಿನ ಸದ್ದಾಗಿ ಕೇಳಿಸಿತ್ತು.

ಓದಿ ಕಲಿತ ಮೌನವನ್ನು ಅಂದೇ ಬದಿಗಿಡಲು ನಿರ್ಧರಿಸಿದೆ. ಹೊಸ ಪದ್ಧತಿ ಬಹಳ ಸರಳ. ನನ್ನ ಅಜ್ಜಿಗೆ ಹೇಳಿದ್ದರೆ ಇದಕ್ಕೆ ಕಾಲೇಜಿಗೆ ಯಾಕೆ ಹೋದೆ ಅನ್ನುತ್ತಿದ್ದಳು. ಆತ ಒಂದು ವಾಕ್ಯ ಹೇಳುತ್ತಾನೆ. ನಾನು “ಹೂಂ” ಅನ್ನುತ್ತೇನೆ. ಇನ್ನೊಂದು ವಾಕ್ಯ. ಹೂಂ. ಮಕ್ಕಳಿಗೆ ಕತೆ ಹೇಳುವಾಗ ಹೂಂಗುಟ್ಟಿಸಿಕೊಳ್ಳುವುದಿಲ್ಲವೇ, ಹಾಗೆ. ಮಾತು ತೆಲುಗಿಗೆ ಜಾರಿದರೆ ನಾನೂ ಜಾರಿ, ಸಾಹುಕಾರರ ಮನೆಯ ತೆಲುಗು ಬಿಟ್ಟು, ಆತ ಕಲಿಸಿಕೊಟ್ಟ “ಉನ್ನಾ” ಅನ್ನುವುದು. ಎದೆ ಏರಿದರೆ ಅಲ್ಲಿಗೇ ನಿಲ್ಲಿಸಿ, ಪಾದದಡಿ ಗಿರಣಿಯ ಅದುರು ಹುಡುಕಿ, ಕನ್ನಡಕ್ಕೆ ವಾಪಸ್ ಬರುವುದು. ಏನು ಹೇಳಬೇಕು ಎಂಬುದನ್ನು ನಾನು ಮುಟ್ಟಲಿಲ್ಲ. ಮುಚ್ಚಳ ಸರಿಯುವ ಹೊತ್ತಿನ ಆಚೆಗೆ ಒಂದೊಂದೇ ವಾಕ್ಯ ಮುಂದೆ ಹೋದೆವು. ಬಾವನ ಉತ್ತರ ನಿಂತ ಘಳಿಗೆಯ ತುದಿಗೆ ಬಂದಾಗ ಆತ ಕೈ ಎತ್ತುತ್ತಿದ್ದ, ಸಾಕು ಅಂತ. ಸಾಕೆಂದರೆ ಸಾಕು ಅಂತ ನಾನು ಅಲ್ಲಿಗೇ ಬಿಡುತ್ತಿದ್ದೆ. ಅದರಾಚೆ ಏನಿತ್ತೆಂದು ನನಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಆತ ಕೇಳಿದ. “ಕೋರ್ಟಲ್ಲಿ ಹೂಂ ಅನ್ನೋರ್ಯಾರು ಮೇಡಂ?”

ಆ ರಾತ್ರಿಯೆಲ್ಲ ನನಗೆ ಅದೇ ಚಿಂತೆ. ಚಿಂತೆ ಮಾಡುವವರಿಗೆ ಒಂದು ಅನುಕೂಲವಿದೆ: ಅವರು ಎಲ್ಲ ಕಡೆ ಮೊದಲೇ ಹೋಗಿ ನೋಡಿ ಬರುತ್ತಾರೆ. ರಜೆ ಹಾಕಿ ಕೋರ್ಟಿಗೆ ಹೋಗಿ, ನಮ್ಮ ಕೇಸು ನಡೆಯಲಿದ್ದ ಹಾಲಿನ ಹಿಂದಿನ ಬೆಂಚಿನಲ್ಲಿ, ನಮಗೆ ಸಂಬಂಧವೇ ಇಲ್ಲದ ಯಾವುದೋ ಸೈಟಿನ ಜಗಳದ ಸಾಕ್ಷಿ ಕೇಳುತ್ತ ಕೂತೆ. ಅಲ್ಲೊಂದು ಕಂಡಿತು. ಸಾಕ್ಷಿ ಒಂದು ಮಾತು ಹೇಳಿದ ಮೇಲೆ ನ್ಯಾಯಾಧೀಶರು ಅದನ್ನೇ ಗಟ್ಟಿಯಾಗಿ ಟೈಪಿಸ್ಟಿಗೆ ಬರೆಸುತ್ತಿದ್ದರು. “ನಾನು ಆ ದಿನ ಮನೆಯಲ್ಲಿದ್ದೆ.” ಟಕಟಕ ಸದ್ದು. ಮುಂದಿನ ಮಾತು. ಮತ್ತೆ ಟಕಟಕ. ನಾನು ಬೆಂಚಿನಲ್ಲೇ ಕುಣಿಯದೆ ಉಳಿದದ್ದು ಪುಣ್ಯ. ಅದು ಸಾಕ್ಷಾತ್ ಹೂಂಗುಟ್ಟುವುದೇ!

ಒಂದು ದಿನ ಆತನನ್ನು ಕರೆದುಕೊಂಡು ಹೋಗಿ, ಕಲಾಪ ಮುಗಿದ ಮೇಲೆ ಕಟಕಟೆ ತೋರಿಸಿದೆ. ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ, ನೀರು ಬೇಕಾದರೆ ಯಾರನ್ನು ಕೇಳಬೇಕು. “ಜಡ್ಜ್ ಸಾಹೇಬ್ರು ನಿಮ್ಮ ಮಾತನ್ನ ವಾಪಸ್ ಹೇಳ್ತಾರೆ. ಅದೇ ನಿಮ್ಗೆ ಉತ್ತರ.” ಆತ ಕಟಕಟೆಯ ಕಟ್ಟಿಗೆಯನ್ನು ಹಗ್ಗ ಹಿಡಿದ ಹಾಗೆ ಹಿಡಿದು ನೋಡಿದ.

ಸಾಕ್ಷಿಯ ದಿನ ಕೋರ್ಟಿನಲ್ಲಿ ಬೆಳಗ್ಗೆಯಿಂದ ಕಾದೆವು. ಆ ಕಡೆಯ ವಕೀಲರು ಬಂದಿಲ್ಲ ಅಂತ ಮುಂದಕ್ಕೆ ಹೋಯಿತು. ಕಟ್ಟಿಕೊಂಡ ಧೈರ್ಯವನ್ನೆಲ್ಲ ಬಿಚ್ಚಿ ಮಡಚಿ ಮನೆಗೆ ಒಯ್ದೆವು. ಬರುವಾಗ ಬಸ್ಸಿನಲ್ಲಿ ಅಕ್ಕ ಮುಂದೆ ಹೆಂಗಸರ ಸೀಟಿನಲ್ಲಿ, ತಮ್ಮ ಹಿಂದೆ ಬಾಗಿಲ ಹತ್ತಿರ. ಆಕೆಯ ಸಾಕ್ಷಿ ಮೊದಲೇ ಮುಗಿದಿತ್ತು, ಆದರೂ ಪ್ರತಿ ತಾರೀಖಿಗೆ ಬರುತ್ತಿದ್ದಳು. ತಮ್ಮನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅಕ್ಕನ ಜೊತೆ ಮಾತಾಡಿ ನೋಡಲಾ ಅಂತ ಆತನನ್ನು ಕೇಳಿದ್ದೆ. “ಬ್ಯಾಡ. ಅವ್ಳು ನನ್ನ ಬಾಯಿಂದ ಕೇಳ್ಬೇಕು” ಅಂದಿದ್ದ.

ಮುಂದಿನ ತಾರೀಖಿಗೆ ಹೆಸರು ಕೂಗಿದರು. ಆತ ಕಟಕಟೆ ಹತ್ತಿದ. ನಾನು ಹಿಂದಿನ ಬೆಂಚಿನಲ್ಲಿ, ಅಕ್ಕ ಅದೇ ಬೆಂಚಿನ ಆ ತುದಿಯಲ್ಲಿ. ತಲೆ ಎತ್ತಿ ನೋಡಿದರೆ ನನ್ನ ಲೆಕ್ಕವೇ ತಪ್ಪಿತ್ತು. ನ್ಯಾಯಾಧೀಶರು ಅವರೇ, ಟೈಪಿಸ್ಟ್ ಬೇರೆ. ಚುರುಕಿನವಳು. ಸಾಕ್ಷಿ ಹೇಳಿದ್ದನ್ನು ನೇರವಾಗಿ ಅವಳೇ ಟೈಪ್ ಮಾಡುತ್ತಿದ್ದಳು. ಸಾಹೇಬರು ತಮ್ಮ ಮುಂದಿನ ಪರದೆ ನೋಡುತ್ತ ಸುಮ್ಮನೆ ತಲೆಯಾಡಿಸುತ್ತಿದ್ದರು. ಬಾಯಿ ಬಿಡುತ್ತಲೇ ಇರಲಿಲ್ಲ. ಕೀಬೋರ್ಡು ಹೊಸದು, ಅದರದ್ದೂ ಸದ್ದಿಲ್ಲ.

ಹೆಸರು, ಊರು, ಕೆಲಸ. ಗೇಟು, ಸೆಕ್ಯೂರಿಟಿ. ಆತ ಹೇಳುತ್ತಾ ಹೋದ. ಪ್ರತಿ ಮಾತಿನ ನಂತರ ಒಂದು ಕ್ಷಣ ಕಾಯುತ್ತಿದ್ದ, ಉತ್ತರ ಬರುತ್ತಿರಲಿಲ್ಲ. ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಆ ಕಡೆಯ ವಕೀಲರು ನನ್ನನ್ನು ನೋಡಿದರು. ತಲೆಯಾಡಿಸುವುದನ್ನು ನಿಲ್ಲಿಸಿದೆ.

“ಟ್ಯಾಂಕಿನ ಹತ್ತಿರ ಏನಾಯ್ತು?” ಸರ್ಕಾರಿ ವಕೀಲರು ಕೇಳಿದರು.

“ಮುಚ್ಚಳ ಸರಿಸಿದ್ವಿ. ಬಾವ ಇಳ್ದ. ನಾನು…”

ಎದೆ ಏರಿತು. ಹಾಲಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಸರ್ಕಾರಿ ವಕೀಲರು ಕಾದರು, ಸಾಹೇಬರು ಕಾದರು. ಎಲ್ಲರೂ ಮರ್ಯಾದೆಯಿಂದ, ನಾನು ಕಾಯುತ್ತಿದ್ದ ಹಾಗೆಯೇ ಕಾದರು. ಆತನ ತುಟಿಯ ಬಣ್ಣ ಹೋಗುತ್ತಿತ್ತು. ಏಳಬೇಕು, ನಿಲ್ಲಿಸಿ ಅನ್ನಬೇಕು ಎಂದು ನಾನು ಬೆಂಚಿನ ಅಂಚು ಹಿಡಿದೆ. ಎದ್ದರೆ ಹೇಳಿಕೊಟ್ಟೆ ಅಂತಾರೆ, ಎಲ್ಲ ಮುಗಿಯಿತು. ಏಳದಿದ್ದರೆ?

ಆಗ ಆತ, ಯಾರನ್ನೂ ನೋಡದೆ, ಕಟಕಟೆಯ ಕೆಳಗೆ ಬಗ್ಗಿ ಇಣುಕುವವನ ಹಾಗೆ ತಲೆ ತಗ್ಗಿಸಿ, ಸಣ್ಣ ದನಿಯಲ್ಲಿ ಕೂಗಿದ.

“ಉನ್ನಾವಾ?”

ಸಾಹೇಬರು ಪರದೆಯಿಂದ ಕಣ್ಣೆತ್ತಿದರು. ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದವಳು ನಾನು, ಆದರೆ ಬಾಯಿ ತೆರೆಯುವಂತಿರಲಿಲ್ಲ.

“ಉನ್ನಾ!”

ಬೆಂಚಿನ ಆ ತುದಿ. ಆಕೆ ಎದ್ದು ನಿಂತಿರಲಿಲ್ಲ, ತಲೆಯ ಸೆರಗೂ ಸರಿದಿರಲಿಲ್ಲ. ಕೂತಲ್ಲಿಂದಲೇ, ಗೋಡೆಗೆ ಬಡಿದು ವಾಪಸ್ ಬರುವಷ್ಟು ಗಟ್ಟಿಯಾಗಿ ಕೂಗಿದ್ದಳು.

“ಸೈಲೆನ್ಸ್! ಯಾರಮ್ಮ ಅದು?” ಕೋರ್ಟಿನ ದಫೇದಾರ ಓಡಿಬಂದ.

ಆ ಕಡೆಯ ವಕೀಲರು ಎದ್ದರು. “ಸ್ವಾಮಿ, ಸಾಕ್ಷಿಗೆ ಹಿಂದಿನಿಂದ ಹೇಳಿಕೊಡ್ತಿದ್ದಾರೆ.”

ನ್ಯಾಯಾಧೀಶರು ಅಕ್ಕನಿಗೆ ಇನ್ನೊಮ್ಮೆ ಬಾಯಿ ಬಿಟ್ಟರೆ ಹೊರಗೆ ಕಳಿಸುತ್ತೇನೆ ಎಂದರು. ಆಮೇಲೆ ಆತನ ಕಡೆ ತಿರುಗಿದರು. “ಏನದು ಅವರು ಹೇಳಿಕೊಟ್ಟಿದ್ದು? ಏನು ಹಾಗಂದ್ರೆ?”

ಆತನ ಎದೆ ಇಳಿದಿತ್ತು. ಉಸಿರು ಬಿಟ್ಟದ್ದು ನನಗೆ ಹಿಂದಿನ ಬೆಂಚಿಗೇ ಕೇಳಿಸಿತು.

“ಇದ್ದೀನಿ ಅಂತ ಸ್ವಾಮಿ. ಕೆಳಗಡೆ ಇಳ್ದೋರು ಹಂಗನ್ಬೇಕು. ಮೇಲ್ಗಡೆ ನಾವು ಕೂಗ್ತೀವಿ. ನಾನು ಕೂಗ್ದೆ, ಬಾವ ಅಂದ. ಇನ್ನೊಂದ್ಸಲ ಕೂಗ್ದೆ, ಅಂದ. ಆಮೇಲೆ ಅನ್ಲಿಲ್ಲ.”

ಟೈಪಿಸ್ಟ್ ಆ ತೆಲುಗು ಪದವನ್ನು ಹೇಗೆ ಹೊಡೆಯುವುದೆಂದು ತಿಳಿಯದೆ ಕೈ ಎತ್ತಿ ಕೂತಿದ್ದಳು. ಸಾಹೇಬರು ಅವಳ ಕಡೆ ಬಾಗಿ, ಗಟ್ಟಿಯಾಗಿ ಬರೆಸಿದರು: “ಕೆಳಗೆ ಇಳಿದವರು ‘ಉನ್ನಾ’ ಎಂದು ಉತ್ತರ ಕೊಡಬೇಕು. ಎರಡು ಸಲ ಕೊಟ್ಟರು. ನಂತರ ಕೊಡಲಿಲ್ಲ. ಹೂಂ, ಮುಂದೆ?”

“ಸೂಪರ್‌ವೈಸರ್ ಅಲ್ಲೇ ನಿಂತಿದ್ದ ಸ್ವಾಮಿ. ಮೊದ್ಲು ‘ಇಳೀರಿ, ಬ್ಯಾಗ ಮುಗಿಸ್ರಿ’ ಅಂದೋನೂ ಅವ್ನೇ. ಹಗ್ಗ ಎಳೀರಿ ಅಂತ ಕೂಗ್ದೆ, ಅವ್ನು ಫೋನ್ ಹಿಡ್ಕೊಂಡು ಗೇಟ್ ಕಡೆ ಓಗ್ಬಿಟ್ಟ.”

“ಸೂಪರ್‌ವೈಸರ್ ಅಲ್ಲೇ ನಿಂತಿದ್ದ…” ಸಾಹೇಬರ ದನಿ. ಮಾತು, ಉತ್ತರ. ಮಾತು, ಉತ್ತರ.

“ನೀವೇನು ಮಾಡಿದ್ರಿ?”

“ನಾನು ಹಗ್ಗ ಬಿಡ್ಲಿಲ್ಲ.” ಇದನ್ನು ಹೇಳುವಾಗ ಆತ ಸಾಹೇಬರನ್ನು ನೋಡಲಿಲ್ಲ, ಬೆಂಚಿನ ಆ ತುದಿಯನ್ನು ನೋಡಿದ. “ಒಬ್ನ ಕೈಲಿ ಎಳೆಯಾಕಾಗ್ಲಿಲ್ಲ. ಈ ಕಡೆ ತುದಿ ಕಬ್ಣದ ಪೈಪಿಗೆ ಕಟ್ಟಿ, ಅದನ್ನೇ ಹಿಡ್ಕೊಂಡು ಇಳ್ದೆ. ಬಾವನ ತೋಳು ಸಿಕ್ತು. ಆಮೇಲೆ ಗೊತ್ತಿಲ್ಲ ಸ್ವಾಮಿ.”

ನಾನು ಅಕ್ಕನ ಕಡೆ ನೋಡಲಿಲ್ಲ. ನೋಡುವ ಹಕ್ಕು ನನ್ನದಲ್ಲ ಅನ್ನಿಸಿತು.

ಪಾಟೀಸವಾಲಿಗೆ ಇನ್ನೊಂದು ತಾರೀಖು ಕೊಟ್ಟರು. ತೀರ್ಪು ಬರಲು ಇನ್ನೂ ಎಷ್ಟು ಕಾಲವೋ. ಆ ಕಡೆಯ ವಕೀಲರು ಏನೇನು ಕೇಳಬಹುದು ಎಂದು ನಾನು ಆಗಲೇ ಚಿಂತಿಸಲು ಶುರು ಮಾಡಿದ್ದೆ. ಹೊರಗೆ ಬಂದಾಗ ಕಾರಿಡಾರಿನ ಕೊನೆಯ ಮೆಟ್ಟಿಲುಗಳಲ್ಲಿ ಲೈಟ್ ಇರಲಿಲ್ಲ. ಅಕ್ಕ ಮುಂದೆ ಇಳಿಯುತ್ತಿದ್ದಳು, ಹಿಂದೆ ಆತ, ಅವನ ಹಿಂದೆ ನಾನು, ಕ್ಲಿನಿಕ್ಕಿನ ಫ್ಯಾನ್ ಆಫ್ ಮಾಡಿದ್ದೀನಾ ಎಂದು ಯೋಚಿಸುತ್ತ. ಮೆಟ್ಟಿಲು ತಿರುಗುವ ಕತ್ತಲಲ್ಲಿ ಆಕೆ ನಿಂತಳು. ಹಿಂದೆ ತಿರುಗಲಿಲ್ಲ.

“ಉನ್ನಾವಾ?”

“ಉನ್ನಾ ಅಕ್ಕಾ.”

“ಹೂಂ” ಅಂದುಬಿಟ್ಟೆ ನಾನೂ, ಅಭ್ಯಾಸಬಲದಿಂದ.

ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ನೋಡಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಅಳುವುದಕ್ಕೋ ನಗುವುದಕ್ಕೋ ಕತ್ತಲಲ್ಲಿ ಕಾಣಲಿಲ್ಲ.

“ನಮ್ಮ ಮೇಡಮ್ಮು” ಅಂದ ಆತ ಅಕ್ಕನಿಗೆ, ಪರಿಚಯ ಮಾಡಿಸುವವನ ಹಾಗೆ. “ಸುಮ್ನೆ ಇರಕ್ಕೇ ಬರಲ್ಲ ಇವ್ರಿಗೆ.”